ಮಕ್ತಲ್ ದಾರಿಯಲ್ಲಿ ಹೋದ ಚೆಲ್ಲೊ

ನಾರಾಯಣಪೇಟೆಯಲ್ಲಿ ಚನ್ನವೀರಮ್ಮನ ಹೆಸರೆತ್ತಿದರೆ ಮೂಗು ಮುರಿಯುವವರು ಇವತ್ತಿಗೂ ಇದ್ದಾರೆ. ಮುರಿಯಲಿ ಬಿಡಿ, ಮೂಗು ಅವರದು. ಹೊಳೆಯಾಚೆಯ ದೇವದುರ್ಗದಿಂದ ನೂಲಿನ ವ್ಯಾಪಾರಿ ಕೊಟ್ರೇಶನ ಹೆಂಡತಿಯಾಗಿ ಬಂದ ಹೆಣ್ಣುಮಗಳು, ಗದ್ವಾಲದ ಒಂದು ಲಗ್ನದಲ್ಲಿ ಶಂಕರಯ್ಯನವರ ಚೆಲ್ಲೊ ಕೇಳಿ ಊಟದ ಪಂಕ್ತಿಗೂ ಏಳದೆ ಕೂತುಬಿಟ್ಟಳು. ಚೆಲ್ಲೊ ಅಂದರೆ ಎದೆಯೆತ್ತರದ ಪಿಟೀಲು, ನೆಲಕ್ಕೆ ನಿಲ್ಲಿಸಿ ನುಡಿಸುವಂಥದ್ದು. ಶಂಕರಯ್ಯ ಹೈದರಾಬಾದಿನ ಸಿನಿಮಾ ವಾದ್ಯವೃಂದದಲ್ಲಿ ಅದನ್ನು ನುಡಿಸಿ, ತಲೆ ನರೆತ ಮೇಲೆ ತಮ್ಮೂರು ಗದ್ವಾಲಕ್ಕೆ ಮರಳಿದ್ದರು. ಸಿನಿಮಾದ್ದೆಲ್ಲ ಮರೆತು ಅದರ ಮೇಲೆ ತೋಡಿ, ಭೈರವಿ ನುಡಿಸುತ್ತಿದ್ದರು.

ಕಲಿಸಿ ಎಂದು ಅವಳು ದುಂಬಾಲು ಬಿದ್ದಳು. ಮೊಣಕಾಲುಗಳ ನಡುವೆ ಇಟ್ಟು ನುಡಿಸುವ ವಾದ್ಯ ಅಂತ ತಿಳಿದು ಅತ್ತೆ ಮನೆಯನ್ನೇ ತಲೆಯ ಮೇಲೆ ಹೊತ್ತಳು. ಸೊಸೆ ಹಾಗೆ ಕೂತರೆ ಮಾನ ಉಳಿಯುತ್ತದೆಯೇ ಎಂದಳು. ಶಂಕರಯ್ಯ ಬಡಗಿಯ ಕೈಲಿ ಒಂದು ಗಿಡ್ಡ ಮಣೆ ಮಾಡಿಸಿ, ಅದರಲ್ಲಿ ವಾದ್ಯ ನಿಲ್ಲಲು ಕುಳಿ ತೆಗೆಸಿದರು. ಅವಳು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕಮಾನು ಹಿಡಿದಳು. ಅತ್ತೆಯ ಬಾಯಿ ಮುಚ್ಚಿತು, ಊರಿನದು ಮುಚ್ಚಲಿಲ್ಲ.

ವರ್ಷಗಟ್ಟಲೆ ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಕಲಿತಳು. ಮಠದ ಪುರಾಣಗಳಲ್ಲಿ, ಲಗ್ನಗಳಲ್ಲಿ ನುಡಿಸತೊಡಗಿದಳು. ಗುರುವಿನ ಕೈ ನಡುಗತೊಡಗಿದಾಗ ಅವರು ಚೆಲ್ಲೊವನ್ನೇ ಅವಳಿಗೆ ಒಪ್ಪಿಸಿದರು. ಬದಲಿಗೆ ಒಂದೇ ಮಾತು ಕೇಳಿದರು.

"ನನ್ನ ಮಣ್ಣಿಗೆ ಇದರ ದನಿ ಬೇಕವ್ವಾ. ಕುಣಿಗೆ ಇಳಿಸೂ ಮುಂದ ನುಡಿಸು."

ಅವಳು ಹೂಂ ಎಂದಿದ್ದಳು.

ಆ ಮಾತು ನಡೆಸುವ ದಿನ ಬಂದದ್ದು ಎಂಥ ಹೊತ್ತಿನಲ್ಲಿ! ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸಕಲ ಜನರ ಮುಷ್ಕರ ನಡೆದಿತ್ತು, ಬಸ್ಸುಗಳು ಡಿಪೋ ಬಿಟ್ಟು ಕದಲುತ್ತಿರಲಿಲ್ಲ. ಬೆಳಿಗ್ಗೆ ಫೋನು ಬಂತು: ಶಂಕರಯ್ಯ ಹೋದರು, ದೀಪ ಹಚ್ಚುವುದರೊಳಗೆ ಮಣ್ಣು. ಕೊಟ್ರೇಶ ಬೇಡವೆಂದ. ರಸ್ತೆ ತುಂಬ ಜನ ಕೂತಿದ್ದಾರೆ, ನೀನು ಹೊಳೆಯಾಚೆಯವಳು, ನಿನ್ನ ಮಾತು ಯಾರು ಕೇಳುತ್ತಾರೆ ಎಂದು ಗದರಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕುರಿ ಸಾಗಿಸುವ ಯಂಕಣ್ಣನ ಟ್ರಾಲಿ ಆಟೋ ಹಿಡಿದಳು.

ಮಲಗಿಸಿದರೆ ಕುಲುಕಾಟಕ್ಕೆ ತಂತಿ ಹೊರುವ ಕುದುರೆ ಬಿದ್ದುಹೋಗುತ್ತದೆಂದು ಚೆಲ್ಲೊಗೆ ಬಿಳಿ ದುಪ್ಪಟಿ ಸುತ್ತಿ, ಒಂದು ಕುರ್ಚಿಗೆ ನೆಟ್ಟಗೆ ಕಟ್ಟಿದಳು. ಗುರುವಿಗೆಂದು ಕೊಂಡ ಚೆಂಡು ಹೂವಿನ ಹಾರ ನಜ್ಜುಗುಜ್ಜಾಗದಿರಲೆಂದು ಅದರ ಕೊರಳಿಗೇ ಹಾಕಿದಳು. ಹಾಕಿದ್ದು ಅಷ್ಟಕ್ಕೇ, ಬೇರೆ ಯೋಚನೆ ಅವಳ ತಲೆಯಲ್ಲಿರಲಿಲ್ಲ.

ಮಕ್ತಲ್ ಕ್ರಾಸಿನಲ್ಲಿ ದಾರಿಗೆ ಅಡ್ಡ ಕಲ್ಲಿಟ್ಟು, ನಡುರಸ್ತೆಯಲ್ಲೇ ಒಲೆ ಹೂಡಿ ಹೆಂಗಸರು ಅಡುಗೆ ಮಾಡುತ್ತಿದ್ದರು. ಮುಷ್ಕರದ ಮುಂದಾಳು ಆಶಪ್ಪ ಕೈ ಅಡ್ಡ ಹಿಡಿದು ಬಂದವನು ಟ್ರಾಲಿ ನೋಡಿ ನಿಂತುಬಿಟ್ಟ. ತಲೆಗೆ ಸುತ್ತಿದ್ದ ಟವಲು ತೆಗೆದ. ನಮ್ಮ ಕಡೆ ಶಿವಭಕ್ತರ ಹೆಣವನ್ನು ಮಲಗಿಸುವುದಿಲ್ಲ, ಕೂರಿಸಿ ಹಾರ ಹಾಕಿ ಒಯ್ಯುತ್ತಾರೆ. ಬಿಳಿ ಬಟ್ಟೆ, ಕುರ್ಚಿ, ಹಾರ, ಪಕ್ಕದಲ್ಲಿ ಅತ್ತು ಕಣ್ಣು ಕೆಂಪಾದ ಹೆಂಗಸು. ಇನ್ನೇನು ಬೇಕು?

ಯಾರು ತೀರಿಕೊಂಡರು ಎಂದು ಆಶಪ್ಪ ಮೆಲ್ಲಗೆ ಕೇಳಿದ. ನಮ್ಮ ಗುರುಗಳು ಎಂದಳು. ಮಣ್ಣು ಎಲ್ಲಿ? ಗದ್ವಾಲದಲ್ಲಿ. ಒಂದಕ್ಷರ ಸುಳ್ಳಲ್ಲ. ಆದರೆ ಅವರೇನು ತಿಳಿದಿದ್ದಾರೆಂದು ಅವಳಿಗೆ ಆಗಲೇ ಹೊಳೆದಿತ್ತು. ಹೇಳಿಬಿಡಲೇ? ಹೇಳಿದರೆ ದಾರಿ ಮುಚ್ಚುತ್ತದೆ, ಗುರು ದನಿಯಿಲ್ಲದೆ ಮಣ್ಣು ಸೇರುತ್ತಾರೆ. ಅವಳು ಬಾಯಿ ಬಿಡಲಿಲ್ಲ.

ಜನ ಕಲ್ಲು ಸರಿಸಿದರು. ಒಲೆಯ ಮುಂದಿದ್ದ ಮುದುಕಿ ಮಹಾಂತಮ್ಮ ಕೈ ತೊಳೆದು, ಸೊಂಟದ ಚೀಲದಿಂದ ವಿಭೂತಿ ತೆಗೆದು ಟ್ರಾಲಿ ಹತ್ತಿದಳು. ದುಪ್ಪಟಿಯ ಮೇಲೆ ಹಣೆಯಿರಬೇಕಾದ ಕಡೆ ಮೂರು ಬೆರಳು ಎಳೆದಳು. ಬೆರಳಿಗೆ ಕಟ್ಟಿಗೆ ತಾಗಿತು. ಮುದುಕಿ ಚನ್ನವೀರಮ್ಮನ ಮುಖವನ್ನು ನೆಟ್ಟಗೆ ನೋಡಿದಳು, ಚೀಲವನ್ನು ಸೊಂಟಕ್ಕೆ ಸಿಕ್ಕಿಸಿ ಇಳಿದಳು.

ಯಂಕಣ್ಣ ಗಾಡಿ ಬಿಟ್ಟ. ಗಾಲಿ ಒಂದು ಗುಂಡಿಗಿಳಿದು ಎದ್ದಿತು. ದುಪ್ಪಟಿಯೊಳಗಿಂದ ದಪ್ಪ ತಂತಿ ಗುಂಯ್ ಎಂದು ಉದ್ದಕ್ಕೆ ಕೊರಗಿತು.

ಹೆಣ ನರಳಿದ್ದನ್ನು ಕೇಳಿದ ಜನ ಹೇಗಿರುತ್ತಾರೆ ನೀವೇ ಹೇಳಿ. ಇಬ್ಬರು ಹೆಂಗಸರು ಓಡಿದರು. ಆಶಪ್ಪ ಮಾತ್ರ ಓಡಲಿಲ್ಲ, ಟ್ರಾಲಿಗೆ ಹಾರಿ ದುಪ್ಪಟಿ ಎಳೆದ. ಒಳಗಿನ ಮರ ಬಿಸಿಲಿಗೆ ಹೊಳೆಯಿತು. ಅವನ ಮುಖ ಕಪ್ಪಿಟ್ಟಿತು. ಯಾರೋ ಆಟೋದ ಚಾವಿ ಕಿತ್ತುಕೊಂಡರು. ಮಾತಿನ ಧಾಟಿಯಲ್ಲೇ ಅವಳನ್ನು ಗುರುತಿಸಿ, ಹೊಳೆಯಾಚೆಯವರಿಗೆ ನಮ್ಮ ಹೋರಾಟ ಅಂದರೆ ಚೇಷ್ಟೆ, ಹೆಣದ ಹೆಸರಲ್ಲಿ ಮೋಸ ಮಾಡುತ್ತಾರೆ ಎಂದು ಬಾಯಿಗೆ ಬಂದಂತೆ ಬೈದರು. ಬಾರಿಸಿ ತೋರಿಸು, ಬಿಡುತ್ತೇವೆ ಎಂದ ಒಬ್ಬ. ಚನ್ನವೀರಮ್ಮ ಕಮಾನನ್ನು ಎದೆಗೆ ಒತ್ತಿಕೊಂಡಳು.

"ಬಡೀರಿ ಬೇಕಾದ್ರ. ಇವತ್ತು ಕಮಾನಿನ ಮೊದಲನೇ ದನಿ ಅವರದ್ರಿ. ಇಲ್ಲಿ ನುಡಸೂದಿಲ್ಲ."

ವಾಪಸ್ ತಿರುಗಿಸು ಎಂದು ಆಶಪ್ಪ ಯಂಕಣ್ಣನ ಕುತ್ತಿಗೆಪಟ್ಟಿ ಹಿಡಿದ. ಸೂರ್ಯ ಇಳಿಯುತ್ತಿದ್ದ. ಆಗ ಮಹಾಂತಮ್ಮ ಸೌಟು ಹಿಡಿದುಕೊಂಡೇ ನಡುವೆ ಬಂದು ನಿಂತಳು.

"ನನ್ನ ಕೈಲೆ ಅದಕ್ಕ ವಿಭೂತಿ ಬಿದ್ದೈತಿ. ಕಟ್ಟಿಗಿ ಅಂತ ಗೊತ್ತಾದ ಮ್ಯಾಲೂ ನಾ ಒರಸಲಿಲ್ಲ. ವಿಭೂತಿ ಬಿದ್ದು ಹೊಂಟದ್ದನ್ನ ಊರ ಕಡೆ ತಿರುಗಿಸ್ತಾರೇನೋ, ಆಶಪ್ಪಾ?"

ಆಶಪ್ಪನ ಕೈ ಸಡಿಲಾಯಿತು. ಅವನೂ ಅದೇ ಮಣ್ಣಿನವನು, ತಿರುಗಿಸುವ ಧೈರ್ಯ ಎಲ್ಲಿಂದ ಬರಬೇಕು? ಮುದುಕಿ ಚನ್ನವೀರಮ್ಮನ ಕಡೆ ತಿರುಗಿದಳು.

"ನೀನೂ ಕೇಳು. ಹೆಣ ಆಗಿ ಹೋದದ್ದು ಹೋತು. ಇದು ಈ ದಾರಿಲೆ ಹೊಳ್ಳಿ ಬರಬಾರದು."

ಚನ್ನವೀರಮ್ಮ ಅದಕ್ಕೂ ಹೂಂ ಎಂದಳು. ಬೇರೆ ದಾರಿ ಇರಲಿಲ್ಲ. ಚಾವಿ ಯಂಕಣ್ಣನ ಕೈಗೆ ಮರಳಿತು.

ಜೂರಾಲ ಅಣೆಕಟ್ಟು ದಾಟಿ ಗದ್ವಾಲ ಮುಟ್ಟಿದಾಗ ಗುರುವನ್ನು ಕುಣಿಯ ಅಂಚಿಗೆ ತಂದು ಕೂರಿಸಿದ್ದರು. ಅವಳು ನೆಲದ ಮೇಲೆಯೇ ಕೂತು ಭೈರವಿ ನುಡಿಸಿದಳು. ಅರ್ಧದಲ್ಲಿ ಅಳು ಬಂತು, ಕೈ ನಿಲ್ಲಿಸಲಿಲ್ಲ.

ಮರುದಿನ ಚೆಲ್ಲೊವನ್ನು ಗುರುವಿನ ಮನೆಯಲ್ಲೇ ಬಿಟ್ಟು ಬರಿಗೈಲಿ ಮರಳಿದಳು. ಆಮೇಲೆ ಅವಳ ವಿದ್ಯೆಯೆಲ್ಲ ಗದ್ವಾಲದಲ್ಲೇ ನಡೆಯಿತು. ಅಭ್ಯಾಸಕ್ಕೆ, ಮಕ್ಕಳಿಗೆ ಪಾಠ ಹೇಳುವುದಕ್ಕೆ ವಾರ ವಾರ ಅಲ್ಲಿಗೆ ಹೋಗುತ್ತಿದ್ದಳು. ನಾರಾಯಣಪೇಟೆಯವರು ಕರೆದಾಗ ವಾದ್ಯ ಬರುವುದಿಲ್ಲ ಎನ್ನುತ್ತಿದ್ದಳು. ಹುಚ್ಚಿ, ಸುತ್ತುಹಾದಿ ಹಿಡಿದು ತಾ ಎಂದು ಕೊಟ್ರೇಶ ರೇಗಿದ. ಸುತ್ತುಹಾದಿಯಲ್ಲಿ ತಂದರೂ ತಂದಂತೆಯೇ, ಮಾತಿಗೆ ಸುತ್ತುಹಾದಿ ಇಲ್ಲ ಎಂದಳು. ಕರೆಯುವವರು ಕಡಿಮೆಯಾದರು. ಒಳಗೊಳಗೇ ಅವಳಿಗೆ ಸಂಕಟವಾಗುತ್ತಿತ್ತು.

ವರ್ಷಗಳು ಕಳೆದು ತೆಲಂಗಾಣ ರಾಜ್ಯ ಹುಟ್ಟಿದ ಆ ಜೂನಿನಲ್ಲಿ, ಪಟಾಕಿ ವಾಸನೆ ಇನ್ನೂ ಆರಿರಲಿಲ್ಲ, ಆಶಪ್ಪ ಗದ್ವಾಲದ ಗುರುವಿನ ಮನೆ ಬಾಗಿಲಿಗೆ ಬಂದ. ಸಂಭ್ರಮಕ್ಕೆ ಕರೆಯಲು ಬಂದನೆಂದು ತಿಳಿದು, ಅವನು ಬಾಯಿ ತೆರೆಯುವ ಮೊದಲೇ ಚನ್ನವೀರಮ್ಮ ಆಗುವುದಿಲ್ಲ ಎಂದಳು. ಅವನು ಅಂದಿನಂತೆಯೇ ತಲೆಯ ಟವಲು ತೆಗೆದ.

"ಮಹಾಂತಮ್ಮ ಹೋದ್ಳ್ರೀ. ಹೋಗೂ ಮುಂದ ಹೇಳ್ಯಾಳ, 'ಅದರ ಬದಲಿಗೆ ನಾ ಹೋಗಾಕತ್ತೀನಿ, ಇನ್ನ ಅದನ್ನ ಕರಕೊಂಡು ಬಾ' ಅಂತ."

ಮತ್ತೆ ದುಪ್ಪಟಿ, ಮತ್ತೆ ಕುರ್ಚಿ. ಹಾರವನ್ನು ಈ ಸಲ ಆಶಪ್ಪನೇ ಹಾಕಿದ. ಮಕ್ತಲ್ ಕ್ರಾಸಿನಲ್ಲಿ ಹೊಸ ರಾಜ್ಯದ ತೋರಣ ಬಾಡಿರಲಿಲ್ಲ, ನಿಂತ ಜನ ಏನೂ ಕೇಳದೆ ದಾರಿ ಬಿಟ್ಟರು. ಮಹಾಂತಮ್ಮನ ಮನೆಯ ಅಂಗಳದಲ್ಲಿ ಮುದುಕಿ ಹಣೆ ತುಂಬ ವಿಭೂತಿ ಧರಿಸಿ ಕೂತಿದ್ದಳು. ಚನ್ನವೀರಮ್ಮ ಚೆಲ್ಲೊವನ್ನು ಅವಳೆದುರು ನಿಲ್ಲಿಸಿ, ದುಪ್ಪಟಿ ಬಿಚ್ಚಿದಳು.

"ಇದು ಬಂತವ್ವಾ. ಇನ್ನ ನೀ ಹೋಗು," ಎಂದು ಕಮಾನು ಎತ್ತಿದಳು.