ಆಪರೇಟರ್ ಮೇಡಂ ಕೇಳಿದ ಪ್ರಶ್ನೆ

ಅವರ ಎಡಗಿವಿಯ ಮೇಲಂಚು ಇಸ್ತ್ರಿ ಹಾಕಿದ ಹಾಗೆ ಚಪ್ಪಟೆಯಾಗಿತ್ತು. ಟ್ರಂಕ್ ಕಾಲ್‌ಗಳ ಕಾಲದಿಂದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದುದರ ಗುರುತು ಅದು. ನಿವೃತ್ತಿಯಾಗಿ ಎಷ್ಟೋ ವರ್ಷಗಳಾದರೂ ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಎಲ್ಲರಿಗೂ ಅವರು ಆಪರೇಟರ್ ಮೇಡಂ. ಯಾರೇ ಮಾತಾಡಿದರೂ ಪೂರ್ತಿ ಕೇಳಿಸಿಕೊಂಡು, ಒಂದು ಕ್ಷಣ ಬಿಟ್ಟು, ಆಮೇಲೆ ಉತ್ತರ ಕೊಡುತ್ತಿದ್ದರು. "ನಡುವೆ ಬಾಯಿ ಹಾಕಿದ್ರೆ ಲೈನ್ ಕಟ್ಟಾಗುತ್ತೆ" ಅನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ವಾಕಿಂಗ್ ಮುಗಿಸಿ ಅವರು, ಮೂಲೆಯ ಔಷಧಿ ಅಂಗಡಿಯವರು, ನಾನು ಪಾರ್ಕಿನ ಬೆಂಚಿನಲ್ಲಿ ಸೇರುತ್ತಿದ್ದೆವು. ಮೂವರ ಹತ್ತಿರವೂ ಒಂದೇ ಟೆಲಿಕಾಂ ಕಂಪನಿಯ ಒಂದಿಷ್ಟು ಶೇರುಗಳಿದ್ದವು. ಆ ಕಂಪನಿ ಇನ್ನೊಂದರ ಜೊತೆ ಟವರ್ ಹಂಚಿಕೊಂಡು ಹೊಸ ನೆಟ್‌ವರ್ಕ್ ನಡೆಸುವ ಒಪ್ಪಂದ ಮಾಡಿಕೊಂಡಾಗ ವಾರಗಟ್ಟಲೆ ಅದೇ ಚರ್ಚೆ. ಖರ್ಚು ಉಳಿಯುತ್ತೆ, ಶೇರು ಏರುತ್ತೆ ಎಂದು ಅಂಗಡಿಯವರು. ಲಾಭದಲ್ಲಿ ಪಾಲು ಹೋಗುತ್ತಲ್ಲ ಎಂದು ನಾನು. ಮೇಡಂ ಕೇಳಿದ್ದು ಒಂದೇ: "ಇಬ್ಬರದ್ದೂ ಒಂದೇ ಟವರ್ ಆದ್ರೆ, ಕೆಟ್ಟಾಗ ಯಾರನ್ನ ಕೇಳ್ಬೇಕು?" ನಾವಿಬ್ಬರೂ ನಕ್ಕುಬಿಟ್ಟೆವು.

ಅಂಗಡಿಯವರು ಹೇಳಿದ ಹಾಗೇ ಶೇರು ಏರಿತು. "ಚೂರುಪಾರು ಆದ್ರೂ ನಾವೂ ಮಾಲೀಕರೇ" ಎಂದು ಅವರು ಹಿಗ್ಗಿದರು. ಆದರೆ ಇಬ್ಬರಿಗೂ ಒಂದೇ ಸಾಕೆಂದು ನಮ್ಮ ರಸ್ತೆಯಲ್ಲಿದ್ದ ಟವರ್ ತೆಗೆದರು. ಸಿಗ್ನಲ್ ಬಿಟ್ಟು ಬಿಟ್ಟು ಬರತೊಡಗಿತು. ಒಂದು ಮಧ್ಯಾಹ್ನ ಹಿಂದಿನ ಗಲ್ಲಿಯ ಹೆಂಗಸೊಬ್ಬರು ಗಂಡನ ಉಬ್ಬಸದ ಔಷಧಿಗೆ ಅಂಗಡಿಗೆ ಫೋನ್ ಮಾಡಿ ಮಾಡಿ ಸಾಕಾಗಿ, ಬರಿಗಾಲಲ್ಲಿ ಓಡಿ ಬಂದರು. ಅಂಗಡಿಯವರು ಔಷಧಿ ಹಿಡಿದು ಅವರ ಜೊತೆಗೇ ಓಡಿದರು, ಗಂಡನ ಜೀವ ಉಳಿಯಿತು. ಅಂಗಡಿಯ ಮೆಟ್ಟಿಲ ಮೇಲಿದ್ದ ಮೇಡಂ ಎಲ್ಲ ನೋಡಿದ್ದರು.

ಕಂಪನಿಗೆ ದೂರು ಕೊಡೋಣ ಎಂದು ಮೇಡಂ ಅಂದರೆ ಅಂಗಡಿಯವರು ಒಪ್ಪಲಿಲ್ಲ. "ಈಗ ಗಲಾಟೆ ಮಾಡಿದ್ರೆ ನಮ್ಮ ಶೇರಿಗೇ ಹೊಡೆತ ಮೇಡಂ."

ಮೇಡಂ ಎಂದಿನಂತೆ ಒಂದು ಕ್ಷಣ ಬಿಟ್ಟರು. "ಶೇರು ಏರಿದಾಗ ನಾವೂ ಮಾಲೀಕರು ಅಂದ್ರಿ. ಆ ತಾಯಿ ಓಡಿ ಬಂದಾಗ್ಲೂ ನಾವೇ ಮಾಲೀಕರು."

ಶೇರುದಾರರ ವಾರ್ಷಿಕ ಸಭೆ ವಿಡಿಯೋದಲ್ಲಿ ನಡೆಯಿತು. ಮಾತಾಡಲು ಮೇಡಂ, ನಾನು ಇಬ್ಬರೂ ಹೆಸರು ಕೊಟ್ಟಿದ್ದೆವು. ನಮ್ಮ ಮನೆಯ ಲ್ಯಾಪ್‌ಟಾಪ್ ಮುಂದೆ ಕೂತೆವು. ಲಾಭಾಂಶ ಏಕೆ ಕಡಿಮೆ ಎಂದು ಕೇಳಲು ನಾನು ಚೀಟಿ ಬರೆದಿಟ್ಟುಕೊಂಡಿದ್ದೆ. ಮೇಡಂ ತಮ್ಮ ಸರದಿ ಬಂದಾಗ ಆ ಮಧ್ಯಾಹ್ನದ ಸಂಗತಿ ಹೇಳಿದರು. "ನಾನು ಆಪರೇಟರ್ ಆಗಿದ್ದವಳು. ಕಾಲ್ ಸಿಗದಿದ್ರೆ ಜನ ನನ್ನನ್ನ ಬಯ್ಯೋರು, ನಾನು ಉತ್ತರ ಕೊಡ್ತಿದ್ದೆ. ಈಗ ಯಾರು ಕೊಡ್ತಾರೆ ಹೇಳಿ" ಅಂದರು.

ಮುಂದಿನ ಹೆಸರು ನನ್ನದು. ಗುಮಾಸ್ತನಾಗಿ ದುಡಿದಷ್ಟು ವರ್ಷವೂ ಮೇಲಿನವರನ್ನು ಒಂದು ಪ್ರಶ್ನೆ ಕೇಳಿದವನಲ್ಲ. ಚೀಟಿ ಮಡಿಸಿಟ್ಟು, "ಮೇಡಂ ಕೇಳಿದ್ದೇ ನನ್ನ ಪ್ರಶ್ನೆಯೂ" ಎಂದೆ.

ತಿಂಗಳೊಳಗೆ ಕಂಪನಿಯಿಂದ ಇಬ್ಬರು ಉಪಕರಣ ಹಿಡಿದು ಬಂದು ಸಿಗ್ನಲ್ ಪರೀಕ್ಷಿಸಿದರು. ನಮ್ಮ ರಸ್ತೆ ಸರಿಹೋಯಿತು, ಹಿಂದಿನ ಗಲ್ಲಿ ಆಗಲಿಲ್ಲ. "ಅರ್ಧ ಆಯ್ತು" ಅಂದ ಮೇಡಂ, ಉಳಿದರ್ಧಕ್ಕೆ ಪತ್ರ ಬರೆಯುತ್ತಲೇ ಇದ್ದರು. ಕಳೆದ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡರು.

ಈ ಸಲದ ಸಭೆಗೆ ಔಷಧಿ ಅಂಗಡಿಯಲ್ಲೇ ಕೂತು ಮೊಬೈಲಿನಲ್ಲಿ ಹೆಸರು ನೋಂದಾಯಿಸುತ್ತಿದ್ದೆ. "ಏನು ಕೇಳ್ತೀರ ಸಾರ್?" ಅಂದರು ಅಂಗಡಿಯವರು. ಹಿಂದಿನ ಗಲ್ಲಿಯ ವಿಷಯ ಅಂದೆ.

ಅವರು ಗಿರಾಕಿಗೆ ಮಾತ್ರೆ ಕೊಟ್ಟು ಕಳಿಸಿ, ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತರು.

"ನನ್ನ ಹೆಸರೂ ಹಾಕಿ."