ಮೇ ತಿಂಗಳಲ್ಲಿ ಕಾಣದ ಬಳೆ

ಜ್ಯೋತ್ಸ್ನಾಳ ಕೈಯಲ್ಲಿ ಚಿನ್ನದ ಬಳೆ ನೋಡಬೇಕೆಂದರೆ ಶ್ರಾವಣ ಬಂದ ಮೇಲೆ ವಸಂತಪುರದ ಅವಳ ಮನೆಗೆ ಹೋಗಬೇಕು. ಮೇ ತಿಂಗಳಲ್ಲಿ ಹೋದರೆ ಗಾಜಿನ ಬಳೆಯೇ ಗತಿ. ಆಗ ಚಿನ್ನದ ಎರಡು ಬಳೆಗಳು ಬ್ಯಾಂಕಿನಲ್ಲಿ ಅಡವಿರುತ್ತವೆ, ಮಗಳು ಸಂಹಿತಾ ಹೊಸ ಬೂಟು ತೊಟ್ಟು ಸ್ಕೂಲ್ ವ್ಯಾನ್ ಹತ್ತಲು ತಯಾರಾಗುತ್ತಿರುತ್ತಾಳೆ.

ಆರು ವರ್ಷದಿಂದ ಇದೇ ಪದ್ಧತಿ. ಗಂಡ ಸೋಮನಾಥ್ ಜೆ.ಪಿ. ನಗರದ ಒಂದು ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್ ನೋಡಿಕೊಳ್ಳುತ್ತಾನೆ. ಸಂಬಳ ಒಂದನೇ ತಾರೀಖು ಬರುತ್ತದೆ, ಬಾಡಿಗೆ, ವ್ಯಾನು, ಹಾಲು, ಗ್ಯಾಸು ಎಂದು ಹೆಚ್ಚುಕಡಿಮೆ ಅದೇ ವಾರ ಹೊರಟೂ ಹೋಗುತ್ತದೆ. ಜ್ಯೋತ್ಸ್ನಾ ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ತರಕಾರಿ, ಮಗಳ ಗೆಳತಿಯರ ಹುಟ್ಟುಹಬ್ಬದ ಉಡುಗೊರೆ, ಶಾಲೆಯವರು ಹಿಂದಿನ ಸಂಜೆ ನೆನಪಿಸಿಕೊಂಡು ಕೇಳುವ ಥರ್ಮೋಕೋಲು, ಹಳದಿ ದಿನಕ್ಕೊಂದು ಹಳದಿ ಅಂಗಿ, ಇವೆಲ್ಲ ಕುಚ್ಚಿನ ದುಡ್ಡು. ಹಳದಿ ಅಂಗಿ ಹಾಕಿಸಿದರೆ ಮಕ್ಕಳು ಹಳದಿ ಬಣ್ಣ ಕಲಿಯುತ್ತಾರೆ ಎಂದು ಯಾರು ಕಂಡುಹಿಡಿದರೋ, ಅವರಿಗೆ ಮಕ್ಕಳಿರಲಿಕ್ಕಿಲ್ಲ. ಎಷ್ಟು ಹಿಡಿದು ಖರ್ಚು ಮಾಡಿದರೂ ವರ್ಷದ ಫೀಸು ಮಾತ್ರ ಯಾವ ಮೂಲೆಯಿಂದಲೂ ಹುಟ್ಟುತ್ತಿರಲಿಲ್ಲ. ಅದಕ್ಕೇ ಬಳೆ.

ಬಳೆಗಳು ಅತ್ತೆ ಸರ್ವಮಂಗಳಮ್ಮ ಮದುವೆಯಲ್ಲಿ ಕೊಟ್ಟವು. "ಎಂಥ ಕಷ್ಟ ಬಂದ್ರೂ ನಾನಿದನ್ನ ಮಾರ್ಲಿಲ್ಲ ಕಣಮ್ಮ, ಜೋಪಾನ" ಎಂದಿದ್ದರು. ಎರಡರಲ್ಲೂ ಒಂದು ಬದಿ ಸವೆದು ಚಪ್ಪಟೆಯಾಗಿತ್ತು, ಅಲ್ಲಿ ಹೂವಿನ ಕೆತ್ತನೆಯೇ ಇರಲಿಲ್ಲ. ಅತ್ತೆ ರುಬ್ಬುವ ಕಲ್ಲಿನಲ್ಲಿ ಹಿಟ್ಟು ರುಬ್ಬಿ ರುಬ್ಬಿ ಹಾಗಾಗಿದೆ ಎಂದುಕೊಂಡಿದ್ದಳು ಜ್ಯೋತ್ಸ್ನಾ. ಅಂಥ ದುಡಿಮೆಯ ಬಳೆಯನ್ನು ಅಡವಿಡುವಾಗೆಲ್ಲ ಅವಳಿಗೆ ತಾನು ತಪ್ಪು ಮಾಡುತ್ತಿದ್ದೇನೆ ಅನಿಸುತ್ತಿತ್ತು.

ಅತ್ತೆ ಇರುವುದು ವಿಲ್ಸನ್ ಗಾರ್ಡನ್ನಿನ ಮಗಳ ಮನೆಯಲ್ಲಿ. ಆದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಮಗನ ಮನೆಗೇ ಬಂದು, ಕಳಸಕ್ಕೆ ಸೀರೆ ಉಡಿಸಿ, ಆ ಬಳೆಗಳನ್ನು ತಮ್ಮ ಕೈಯಾರೆ ಲಕ್ಷ್ಮಿಗೆ ತೊಡಿಸಬೇಕು. ಹಾಗಾಗಿ ಏನೇ ಆಗಲಿ, ಹಬ್ಬಕ್ಕೆ ವಾರವಿರುವಾಗ ಗಂಡ ಹೆಂಡತಿ ಒದ್ದಾಡಿ ಬಳೆ ಬಿಡಿಸಿ ತಂದುಬಿಡುತ್ತಿದ್ದರು. ಅತ್ತೆಗೆ ಸುಳಿವೂ ಸಿಕ್ಕಿರಲಿಲ್ಲ.

ಸಿಗಬಾರದು ಎಂಬುದಕ್ಕೆ ಕಾರಣವಿತ್ತು. ಸಂಹಿತಾಳನ್ನು ಸೇರಿಸುವಾಗ ಅತ್ತೆ, "ಅಷ್ಟು ದುಡ್ಡಿನ ಸ್ಕೂಲ್ ಬೇಕಾ? ಆಗುತ್ತಾ ನಿಮ್ಮ ಕೈಲಿ?" ಎಂದಿದ್ದರು. "ನಿಭಾಯಿಸ್ತೀವಿ ಬಿಡಿ ಅತ್ತೆ" ಎಂದು ಜ್ಯೋತ್ಸ್ನಾ ಸ್ವಲ್ಪ ಬಿರುಸಾಗಿಯೇ ಹೇಳಿದ್ದಳು. ಹೇಳಿದ ಮಾತಿಗೆ ಮನುಷ್ಯರು ಏನೇನೆಲ್ಲ ತೆರಬೇಕಾಗುತ್ತದೆ ನೋಡಿ.

ಈ ವರ್ಷ ಮಗ ಸುಶ್ರುತನೂ ಎಲ್‌ಕೆಜಿಗೆ ಸೇರಿದ. ಹಬ್ಬ ಹತ್ತಿರ ಬಂತು, ಬಳೆ ಬರಲಿಲ್ಲ. ಸೋಮನಾಥ್ "ಅಮ್ಮಂಗೆ ಹೇಳ್ಬಿಡೋಣ" ಎಂದ. "ಹೇಳಿದ್ರೆ ನನ್ನ ಮುಖ ಎಲ್ಲಿಟ್ಕೊಳ್ಲಿ?" ಎಂದು ಜ್ಯೋತ್ಸ್ನಾ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ, ಏಳು ಅಂಗಡಿ ಸುತ್ತಿ, ಅದೇ ಹೂವಿನ ಕೆತ್ತನೆಯ ಒನ್ ಗ್ರಾಂ ಗೋಲ್ಡ್ ಬಳೆ ತಂದಳು. ಹೊಸ ಹೊಳಪು ಹೋಗಲೆಂದು ಅರಿಶಿನ ಹಚ್ಚಿ ಉಜ್ಜಿದಳು. ಅಸಲಿಗೂ ಇದಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

ಹಬ್ಬದ ಬೆಳಿಗ್ಗೆ ಅತ್ತೆ ಫ್ರೀ ಬಸ್ಸಿನಲ್ಲಿ ಬಂದಿಳಿದರು. ಕಳಸಕ್ಕೆ ಸೀರೆ ಉಡಿಸಿ, ನೆರಿಗೆ ಹಿಡಿದು, ಕೈಗಳೆಂದು ಕಟ್ಟಿದ ಕೋಲುಗಳನ್ನು ಸರಿಮಾಡಿ, "ಬಳೆ ಕೊಡಮ್ಮ" ಎಂದರು. ಜ್ಯೋತ್ಸ್ನಾ ಕೊಟ್ಟಳು. ಅತ್ತೆ ಒಂದು ಬಳೆಯನ್ನು ಬೆರಳಲ್ಲಿ ತಿರುಗಿಸಿದರು. ಇನ್ನೊಂದು ಸುತ್ತು ತಿರುಗಿಸಿದರು. ಆಮೇಲೆ ಎರಡನೆಯದನ್ನೂ ತಿರುಗಿಸಿದರು.

ಆಗ ಜ್ಯೋತ್ಸ್ನಾಳಿಗೆ ಹೊಳೆಯಿತು. ಸವೆದ ಬದಿ ಹಿಂದೆ ಹೋಗುವಂತೆ ತಿರುಗಿಸಿಯೇ ಅತ್ತೆ ಪ್ರತಿ ವರ್ಷ ತೊಡಿಸುತ್ತಿದ್ದರು. ತಾನು ಅಂಗಡಿಯಲ್ಲಿ ಕೆತ್ತನೆ ನೋಡಿದ್ದಳು, ಬಣ್ಣ ನೋಡಿದ್ದಳು, ಆ ಸವಕಲನ್ನು ಮಾತ್ರ ಮರೆತೇಬಿಟ್ಟಿದ್ದಳು.

"ಒನ್ ಗ್ರಾಂ ಗೋಲ್ಡಾ?" ಅತ್ತೆ ಕೇಳಿದರು.

"ಹೂಂ ಅತ್ತೆ."

"ಎಷ್ಟು ಕೊಟ್ಟೆ?"

"ಎಂಟುನೂರೈವತ್ತು."

"ಜಾಸ್ತಿ ಆಯ್ತು." ಅತ್ತೆ ಬಳೆಗಳನ್ನು ಪಕ್ಕಕ್ಕಿಟ್ಟರು. "ಅದು ಬ್ಯಾಂಕಲ್ಲಿದ್ಯಾ, ಮಾರ್ಬಿಟ್ರಾ?"

"ಬ್ಯಾಂಕಲ್ಲಿದೆ. ಪ್ರತಿ ವರ್ಷ ಫೀಸಿಗೆ ಇಡ್ತೀವಿ, ಹಬ್ಬಕ್ಕೆ ಬಿಡಿಸ್ತೀವಿ. ಈ ಸಲ ಆಗ್ಲಿಲ್ಲ." ಇಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತು. "ನಿಮ್ಮ ಕೈಲಿ ಅಷ್ಟು ವರ್ಷ ಇದ್ದಿದ್ದು, ನನ್ನ ಕೈಲಿ ನಿಲ್ಲಲಿಲ್ಲ."

ಅತ್ತೆ ಸೊಸೆಯ ಮುಖವನ್ನೇ ನೋಡಿದರು. "ನನ್ನ ಕೈಲಿ ಎಲ್ಲಿತ್ತಮ್ಮ? ಆ ಸವೆದಿರೋದು ಹೇಗಾಯ್ತು ಅಂದ್ಕೊಂಡಿದ್ದೀಯ?"

"ಹಿಟ್ಟು ರುಬ್ಬಿ ಅಲ್ವಾ?"

"ಹಿಟ್ಟು ರುಬ್ಬೋವಾಗ ಯಾರು ಚಿನ್ನದ ಬಳೆ ಹಾಕ್ಕೊತಾರೆ? ಒರೆಗಲ್ಲಿಗೆ ಉಜ್ಜಿದ್ದು ಅದು. ನಿನ್ನ ಗಂಡನ ಸ್ಕೂಲು, ಅವನ ಅಕ್ಕನ ಬಿ.ಎಡ್ಡು. ವರ್ಷಾ ವರ್ಷಾ ಸೇಟು ಅಂಗಡಿಗೆ ತಗೊಂಡು ಹೋಗೋದು, ಅವನು ಇಟ್ಕೊಳ್ಳೋಕೆ ಮುಂಚೆ ಕಲ್ಲಿಗೆ ಉಜ್ಜಿ ನೋಡೋದು. ಮಾರ್ಲಿಲ್ಲ ಅಂದಿದ್ದೆ, ಇಡ್ಲಿಲ್ಲ ಅಂತ ನಾನ್ಯಾವಾಗ ಹೇಳ್ದೆ? ಸೋಮನಿಗೂ ಗೊತ್ತಿಲ್ಲ ಇದು."

"ಮತ್ತೆ ಹಬ್ಬಕ್ಕೆ?"

"ಬಂದ ವರ್ಷ ಬಂತು. ಬರದ ವರ್ಷ ಕಳಸಕ್ಕೆ ಹಸಿರು ಗಾಜಿನ ಬಳೆ ಹಾಕ್ತಿದ್ದೆ. ಲಕ್ಷ್ಮಿಗೆ ಗಾಜಿನ ಬಳೇನೇ ಶ್ರೇಷ್ಠ ಅಂತ ಬೀದಿಗೆಲ್ಲ ಹೇಳ್ತಿದ್ದೆ. ಪಾಪ, ಅವ್ರೂ ಹಾಕೋಕೆ ಶುರು ಮಾಡಿದ್ರು."

ಜ್ಯೋತ್ಸ್ನಾ ಅಳುತ್ತಲೇ ನಕ್ಕಳು. ಆರು ವರ್ಷದ ಭಾರ ಎದೆಯಿಂದ ಇಳಿದಂತಾಯಿತು. ಇವರಿಗೆ ಮೊದಲ ವರ್ಷವೇ ಹೇಳಿದ್ದರೆ ಎಷ್ಟು ನೆಮ್ಮದಿಯಿರುತ್ತಿತ್ತು ಎಂದು ತನ್ನ ಮೇಲೆ ಸಿಟ್ಟೂ ಬಂತು. ಅತ್ತೆಯ ಮುಖದಲ್ಲೂ ಯಾವುದೋ ಬಿಗಿ ಸಡಿಲಿತ್ತು. ಅವರೂ ಇದನ್ನು ಯಾರಿಗೂ ಹೇಳಿರಲಿಲ್ಲವಲ್ಲ.

ಲಕ್ಷ್ಮಿಗೆ ಒಂದು ಡಜನ್ ಹಸಿರು ಗಾಜಿನ ಬಳೆ ಏರಿತು. ಸಂಜೆ ಕುಂಕುಮಕ್ಕೆ ಬಂದ ಪಕ್ಕದ ಮನೆ ಕೆಂಪಕ್ಕ, "ಇದೇನು ಈ ಸಲ ಗಾಜಿನ ಬಳೆ?" ಎಂದರು.

"ಲಕ್ಷ್ಮಿಗೆ ಅದೇ ಶ್ರೇಷ್ಠ" ಎಂದಳು ಜ್ಯೋತ್ಸ್ನಾ. ಅತ್ತೆ ತಾಂಬೂಲ ಜೋಡಿಸುತ್ತಾ ಗಂಭೀರವಾಗಿ ತಲೆಯಾಡಿಸಿದರು.

ದೀಪಾವಳಿ ಕಳೆದ ಮೇಲೆ ಬಳೆ ಮನೆಗೆ ಬಂತು. ಜ್ಯೋತ್ಸ್ನಾ ಕಿಟಕಿಯ ಬಳಿ ನಿಂತು ಸವೆದ ಬದಿಯನ್ನು ಬೆಳಕಿಗೆ ಹಿಡಿದಳು. ಬ್ಯಾಂಕಿನವರೂ ಪ್ರತಿ ವರ್ಷ ಒಳಗೆ ಒಯ್ದು ಒರೆಗಲ್ಲಿಗೆ ಉಜ್ಜಿಯೇ ಇಟ್ಟುಕೊಂಡಿರಬೇಕು. ಅದರಲ್ಲಿ ಸೋಮನಾಥನ ಸ್ಕೂಲಿನದು ಯಾವುದು, ಸಂಹಿತಾಳದು ಯಾವುದು ಎಂದು ಗುರುತು ಹತ್ತಲಿಲ್ಲ. ಇಷ್ಟು ವರ್ಷ ಅವಳೂ ಅತ್ತೆಯಂತೆ ಆ ಬದಿಯನ್ನು ಒಳಗೆ ತಿರುಗಿಸಿಯೇ ತೊಡುತ್ತಿದ್ದಳು. ಅಂದು ಅದನ್ನು ಮೇಲಕ್ಕೆ ಬರುವಂತೆ ತೊಟ್ಟು, ಕುಚ್ಚು ಕಟ್ಟಲು ಕೂತಳು.