ಒಂದು ಓಟಿನಿಂದ ಸೋತ ಷಣ್ಮುಖಪ್ಪ

ಭದ್ರಾವತಿಯಲ್ಲಿ ಷಣ್ಮುಖಪ್ಪನವರ ಮನೆ ಎಲ್ಲಿ ಎಂದು ಕೇಳಿ ನೋಡಿ. "ಯಾರು, ಒಂದ್ ಓಟಿನ ಷಣ್ಮುಖಪ್ನೋರಾ?" ಎಂದು ಜನ ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಅವರು ಕಾರ್ಖಾನೆಯ ಕುಲುಮೆಯ ಮುಂದೆ ಬೆಂದು ನಿವೃತ್ತರಾದದ್ದು, ಬೀದಿಗೆ ನಲ್ಲಿ ನೀರು ತರಿಸಲು ಚಪ್ಪಲಿ ಸವೆಸಿದ್ದು ಯಾರಿಗೂ ನೆನಪಿಲ್ಲ. ನೆನಪಿರುವುದು ಸೋಲೊಂದೇ. ಮತಯಂತ್ರ ಬರುವ ಮೊದಲು, ಮೂವತ್ತು ವರ್ಷದ ಹಿಂದೆ, ಅವರು ವಾರ್ಡಿನ ಚುನಾವಣೆಗೆ ಪಕ್ಷೇತರರಾಗಿ ನಿಂತು ಒಂದೇ ಒಂದು ಓಟಿನಿಂದ ಸೋತಿದ್ದರು. ನೂರು ಓಟಿನಿಂದ ಸೋತವನು ಮಾರನೆಯ ದಿನ ಎದ್ದು ಕೆಲಸಕ್ಕೆ ಹೋಗುತ್ತಾನೆ. ಒಂದು ಓಟಿನಿಂದ ಸೋತವನಿಗೆ ಮಾತ್ರ ಆ ಒಬ್ಬ ಯಾರು ಎಂಬ ಪ್ರಶ್ನೆ ಗಂಟಲಲ್ಲಿ ಸಿಕ್ಕಿದ ಮುಳ್ಳು.

ಷಣ್ಮುಖಪ್ಪನವರು ಆ ಒಬ್ಬನನ್ನು ಹುಡುಕಲು ಬಹಳ ದೂರ ಹೋಗಲಿಲ್ಲ. ಹೆಂಡತಿ ವಿಮಲಾ ಅವರ ತಮ್ಮ ಮನೋಹರ ಅದೇ ವಾರ್ಡಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ. ಎಣಿಕೆಯ ದಿನ ಭಾವನ ಏಜೆಂಟ್ ಆಗಿ ಒಳಗೆ ಕೂತವನೂ ಅವನೇ. ಅಭ್ಯರ್ಥಿ ಷಣ್ಮುಖಪ್ಪನವರು ಮಾತ್ರ ಹತ್ತಿರದ ಗುಡಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಮರು ಎಣಿಕೆಯೂ ಮುಗಿದು ಸೋಲು ಖಾತ್ರಿಯಾದ ಮೇಲೆ ಬಂದು ನೋಡುತ್ತಾರೆ, ಮನೋಹರ ಗೆದ್ದವನ ಜೊತೆ ಕ್ಯಾಂಟೀನಿನಲ್ಲಿ ಕೂತು ಕಾಫಿ ಹೀರುತ್ತಿದ್ದಾನೆ! ಇನ್ನೇನು ಸಾಕ್ಷಿ ಬೇಕು? ಷಣ್ಮುಖಪ್ಪನವರ ಗುರುತು ದೀಪ. "ನನ್ ಓಟು ದೀಪಕ್ಕೇ ಬಿದ್ದಿದೆ ಭಾವ" ಎಂದು ಮನೋಹರ ಉರಿಯುವ ಕರ್ಪೂರ ಮುಟ್ಟಿ ಆಣೆ ಇಟ್ಟ. ಕಳ್ಳನಿಗೆ ಆಣೆ ಯಾವ ಲೆಕ್ಕ ಎಂದರು ಇವರು. ಕಡೆಗೆ ಮನೋಹರ ಅಂಗಡಿಯನ್ನು ಶಿವಮೊಗ್ಗದ ಗಾಂಧಿ ಬಜಾರಿಗೆ ಸಾಗಿಸಿದ. ವಿಮಲಾ ಅವರಿಗೆ ತವರು ಎಂಬುದು ಅಲ್ಲಿಗೆ ಮುಗಿಯಿತು. ತಮ್ಮನ ಮದುವೆಗೂ ಅವರು ಹೋಗಲಿಲ್ಲ, ಗಂಡ ಕಳಿಸಲಿಲ್ಲ.

ಹೀಗಿರುವಾಗ ಈಚೆಗೆ ತನುಜಾ ಎಂಬ ಹುಡುಗಿ ಅವರ ಮನೆ ಹುಡುಕಿಕೊಂಡು ಬಂದಳು. ಶಿವಮೊಗ್ಗದ ಕೋಟೆಯ ಹತ್ತಿರ ಹಳೆಯ ಕಟ್ಟಡವೊಂದರಲ್ಲಿ ಚುನಾವಣೆ ಮತ್ತು ರಾಜಕೀಯದ ವಸ್ತುಸಂಗ್ರಹಾಲಯ ತೆರೆದಿದ್ದಾರಂತೆ, ಅದನ್ನು ನೋಡಿಕೊಳ್ಳುವವಳು ಅವಳಂತೆ. ಅಟ್ಟದ ಮೇಲಿದ್ದ ಆ ಚುನಾವಣೆಯ ಕರಪತ್ರ ಕೇಳಿದಳು, ಬಂದು ಜನರಿಗೆ ಕಥೆ ಹೇಳಿ ಎಂದಳು.

"ಗೆದ್ದೋರನ್ನ ಬಿಟ್ಟು ಸೋತ ನನ್ನನ್ನ ಯಾಕಮ್ಮ ಕರೀತೀಯ?"

"ಗೆದ್ದೋರ ಫೋಟೋ ಎಲ್ಲಾ ಕಡೆ ಇದೆ ಸರ್. ಎಲ್ರೂ ಗೆದ್ರೆ ಅದು ಚುನಾವಣೆ ಹೇಗಾಗುತ್ತೆ?"

ಇದು ಮರ್ಯಾದೆಯೋ ಮಂಗಳಾರತಿಯೋ ಷಣ್ಮುಖಪ್ಪನವರಿಗೆ ತಿಳಿಯಲಿಲ್ಲ. ಆದರೂ ಹೇಳಿದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ವಿಮಲಾ ಅವರನ್ನು ಕರೆದುಕೊಂಡು ಬಸ್ ಹತ್ತಿದರು. ಮೂವತ್ತು ವರ್ಷದ ಮೋಸವನ್ನು ಮೈಕಿನಲ್ಲಿ, ಹೆಸರು ಹಿಡಿದು ಹೇಳಿಬಿಡಬೇಕೆಂಬುದು ಅವರ ಲೆಕ್ಕ. ಅದನ್ನು ಅವರು ಬಸ್ಸಿನಲ್ಲೇ ಹೇಳಿದರು. ವಿಮಲಾ ಕಿಟಕಿಯ ಆಚೆ ನೋಡುತ್ತ ಕೂತರು.

ಸಂಗ್ರಹಾಲಯದ ಒಳಗೆ ಹೋದ ಮೇಲೆ ಷಣ್ಮುಖಪ್ಪನವರ ತಲೆ ಇನ್ನಷ್ಟು ಕೆಟ್ಟಿತು. ಜೀಪಿಗೆ ಕಟ್ಟುತ್ತಿದ್ದ ಧ್ವನಿವರ್ಧಕ, ತಗಡಿನ ಮತಪೆಟ್ಟಿಗೆ, ಅಂಗಿಗೆ ಚುಚ್ಚಿಕೊಳ್ಳುತ್ತಿದ್ದ ಪಕ್ಷದ ಬಿಲ್ಲೆಗಳು, ಇವುಗಳ ನಡುವೆ ಗಾಜಿನ ಕೆಳಗೆ ತಮ್ಮದೇ ಕರಪತ್ರ! ಬದುಕಿರುವಾಗಲೇ ಗಾಜಿನೊಳಗೆ ಹೋದರೆ ಖುಷಿಪಡಬೇಕೋ, ಶಾಂತಿ ಮಾಡಿಸಬೇಕೋ? ಪಕ್ಕದಲ್ಲಿ ಕಾಲೇಜು ಮಕ್ಕಳು ಕರಪತ್ರದ ಚಿತ್ರವನ್ನೂ ಅವರ ಬೋಳುತಲೆಯನ್ನೂ ತಾಳೆ ನೋಡುತ್ತಿದ್ದರು.

"ಮೊದ್ಲು ಓಟು, ಆಮೇಲೆ ಮಾತು" ಎಂದಳು ತನುಜಾ. ಮೂಲೆಯಲ್ಲಿ ಹಳೆಯ ಕಾಲದ ಮತಗಟ್ಟೆ ಕಟ್ಟಿದ್ದರು. ಬಂದವರೆಲ್ಲ ಚೀಟಿಯ ಮೇಲೆ ಮುದ್ರೆ ಒತ್ತಿ, ಮಡಚಿ, ಪೆಟ್ಟಿಗೆಗೆ ಹಾಕಬೇಕು. ಚೀಟಿಯೂ ಆ ಚುನಾವಣೆಯ ಚೀಟಿಯ ನಕಲೇ: ಷಣ್ಮುಖಪ್ಪ, ದೀಪ, ಅವರ ಕೆಳಗೆ ಇನ್ನಿಬ್ಬರು. ಅವರು ಪರದೆಯ ಹಿಂದೆ ಹೋದರು. ಷಣ್ಮುಖ ಎಂದರೆ ಮನೆದೇವರ ಹೆಸರು, ತಾತನ ಹೆಸರೂ ಹೌದು. ಪಕ್ಕದಲ್ಲಿ ಉರಿಯುವ ದೀಪ. ದೇವರ ತಲೆಗೆ, ದೀಪದ ಮುಖಕ್ಕೆ ಮಸಿ ಒತ್ತುವ ಪೈಕಿಯವರಲ್ಲ ಷಣ್ಮುಖಪ್ಪ. ಅರಿಸಿನ ಕುಂಕುಮವನ್ನಾದರೂ ಅವರು ಇಡುವುದು ಪಾದಕ್ಕೇ. ಕೈ ತಾನಾಗಿ ಕೆಳಕ್ಕೆ ಇಳಿದು ದೀಪದ ಬುಡದಲ್ಲಿ, ಭಕ್ತಿಯಿಂದ, ಗಟ್ಟಿಯಾಗಿ ಮುದ್ರೆ ಒತ್ತಿತು.

ಎಣಿಕೆ ಎಲ್ಲರ ಎದುರಿಗೇ ನಡೆಯಿತು. ದೀಪ, ದೀಪ, ದೀಪ ಎನ್ನುತ್ತ ತನುಜಾ ಚೀಟಿ ಜೋಡಿಸಿದಳು. ಷಣ್ಮುಖಪ್ಪನವರು ಗೆದ್ದರು! ಮಕ್ಕಳು ಚಪ್ಪಾಳೆ ತಟ್ಟಿದರು; ನಾಟಕ ಎಂದು ಗೊತ್ತಿದ್ದರೂ ಅವರ ಕಣ್ಣು ತುಂಬಿತು. ಆಗ ತನುಜಾ ಪಕ್ಕಕ್ಕೆ ಇಟ್ಟಿದ್ದ ಒಂದು ಚೀಟಿಯನ್ನು ಎತ್ತಿ ಹಿಡಿದಳು.

"ಇದೊಂದು ಮಾತ್ರ ಅಸಿಂಧು. ನೋಡಿ, ಮುದ್ರೆ ಗೆರೆ ಮೇಲೆ ಬಿದ್ದಿದೆ, ಅರ್ಧ ಕೆಳಗಿನ ಅಭ್ಯರ್ಥಿ ಮನೆಗೆ ಹೋಗಿದೆ. ಯಾರಿಗೆ ಹಾಕಿದ್ದು ಅಂತ ಹೇಳಕ್ಕಾಗಲ್ಲ. ಆ ಕಾಲದಲ್ಲೂ ಇಂಥದ್ದನ್ನ ತೆಗೆದು ಬಿಸಾಕ್ತಿದ್ರು."

ಮಕ್ಕಳು ನಕ್ಕರು. ಷಣ್ಮುಖಪ್ಪನವರು ನಗಲಿಲ್ಲ. ಅವತ್ತು ಶಾಲೆಯ ಕೋಣೆಯಲ್ಲಿ, ಗೋಣಿಚೀಲದ ಪರದೆಯ ಹಿಂದೆ ತಾವು ಒತ್ತಿದ್ದು ಎಲ್ಲಿಗೆ? ತಲೆಗೋ, ಪಾದಕ್ಕೋ? ಪಾದಕ್ಕೇ. ಪಾದಕ್ಕಲ್ಲದೆ ಇನ್ನೆಲ್ಲಿಗೆ? ಆ ಓಟು ಸೇರಿದ್ದರೆ ಇಬ್ಬರೂ ಸಮವಾಗುತ್ತಿದ್ದರು. ಇಲ್ಲ, ಹಾಗಿರಲಾರದು. ಅಥವಾ ಹಾಗೆಯೇ ಇದ್ದರೆ?

"ಈಗ ಹೇಳಿ ಸರ್, ಆ ಒಂದು ಓಟಿನ ಕಥೆ" ಎಂದು ತನುಜಾ ಮೈಕು ಕೊಟ್ಟಳು.

ಸಾವಿರ ಸಲ ಹೇಳಿ ಬಾಯಿಪಾಠವಾದ ಕಥೆ. "ಆ ಒಂದು ಓಟು..." ಎಂದು ಶುರು ಮಾಡಿದವರು ಮುಂದೆ ಹೋಗಲಾರದೆ ನಿಂತರು. ಎದುರಿಗೆ ವಿಮಲಾ ತಲೆ ತಗ್ಗಿಸಿ ಕೂತಿದ್ದರು, ತಮ್ಮನ ಹೆಸರು ಈಗ ಬರುತ್ತದೆ ಎಂದು ಕಾಯುತ್ತ. "ಆ ಒಂದು ಓಟು ಎಲ್ಲಿ ಹೋಯ್ತೋ ನಂಗೆ ಗೊತ್ತಿಲ್ಲ" ಎಂದು ಮೈಕು ವಾಪಸ್ ಕೊಟ್ಟು ಹೊರಗೆ ಬಂದುಬಿಟ್ಟರು.

"ಏನ್ರೀ, ತಲೆ ಸುತ್ತುತ್ತಾ?" ವಿಮಲಾ ಹಿಂದೆಯೇ ಓಡಿ ಬಂದರು.

"ಆ ಕೆಟ್ಟೋದ ಚೀಟಿ ನಂದು ಕಣೇ. ಅವತ್ತೂ ಹಂಗೇ ಒತ್ತಿದ್ದೆ ಅನ್ಸುತ್ತೆ."

ವಿಮಲಾ ಗಂಡನ ಅಂಗಿಯ ತೋಳು ಹಿಡಿದು ನಿಲ್ಲಿಸಿದರು. ಆಮೇಲೆ, "ಹಂಗಾದ್ರೆ ನನ್ ತಮ್ಮ?" ಎಂದರು.

ಷಣ್ಮುಖಪ್ಪನವರ ಕಾಲು ಬಸ್ ನಿಲ್ದಾಣದ ಕಡೆ ಹೋಗದೆ ಗಾಂಧಿ ಬಜಾರಿನ ಕಡೆ ಹೊರಳಿತು.

ಅಂಗಡಿಯಲ್ಲಿದ್ದ ಮನೋಹರನ ತಲೆ ಬೆಳ್ಳಗಾಗಿತ್ತು. ಗಿರಾಕಿಯೊಬ್ಬರಿಗೆ ಪಂಚೆ ಬಿಚ್ಚಿ ತೋರಿಸುತ್ತಿದ್ದವನು ಅಕ್ಕ ಭಾವ ಇಬ್ಬರೂ ಮೆಟ್ಟಿಲ ಮೇಲೆ ನಿಂತದ್ದು ಕಂಡು ಪಂಚೆಯನ್ನು ಹಾಗೆಯೇ ಬಿಟ್ಟ. ಷಣ್ಮುಖಪ್ಪನವರು ಪೀಠಿಕೆ ಹಾಕಲಿಲ್ಲ. "ಮನೋಹರ, ಅವತ್ತು ಎಣಿಕೇಲಿ ಕೆಟ್ಟೋದ ಓಟು ಏನಾದ್ರೂ ಇತ್ತಾ?"

ಮನೋಹರ ಪಂಚೆಯನ್ನು ಪಕ್ಕಕ್ಕೆ ಸರಿಸಿದ. "ಇತ್ತು ಭಾವ. ದೀಪದ ಬುಡಕ್ಕೆ, ಗೆರೆ ಮೇಲೆ. ದೀಪಕ್ಕೇ ಹಾಕಿದ್ದು ಅಂತ ನಾನು ಜಗಳ ಆಡ್ದೆ, ಆಫೀಸರ್ ಒಪ್ಲಿಲ್ಲ."

"ಅದು ನಂದೇ ಅಂತ ಹೇಳಕ್ಕಾಗುತ್ತಾ? ಚೀಟಿ ಮೇಲೆ ಹೆಸ್ರಿರಲ್ವಲ್ಲ ಮಾರಾಯ!"

"ಖಂಡಿತ ಹೇಳಕ್ಕಾಗಲ್ಲ. ಆದ್ರೆ ಓಟನ್ನೂ ಪಾದಕ್ಕೆ ಹಾಕೋ ಭಕ್ತರು ನಮ್ ವಾರ್ಡಲ್ಲಿ ಇನ್ಯಾರಿದ್ರು? ಗೆದ್ದೋನಿಗೂ ಅದು ನಿಮ್ದೇ ಅನ್ನೋ ಅನುಮಾನ ಬಂದಿತ್ತು. ಊರಲ್ಲಿ ಹೇಳಿ ನಗಬೇಡ ಅಂತ ಕೇಳ್ಕೊಳ್ಳೋಕೆ ಅವನನ್ನ ಕ್ಯಾಂಟೀನಿಗೆ ಕರ್ಕೊಂಡು ಹೋದೆ."

"ನಂಗೆ ಹೇಳ್ಬೋದಿತ್ತಲ್ಲೋ?"

"ಸೋತಿದ್ದಕ್ಕೇ ನೀವು ಅನ್ನ ನೀರು ಬಿಟ್ಟು ಮಲಗಿದ್ರಿ. ಸೋಲಿಸಿದ್ದೂ ನೀವೇ ಅಂತ ಹೇಳಿ, ಹೆಚ್ಚುಕಮ್ಮಿ ಆಗಿದ್ರೆ? ಅಕ್ಕನ ಮುಖ ನೋಡ್ದೆ. ಬೈಸ್ಕೊಳ್ಳೋದೇ ವಾಸಿ ಅಂತ ಸುಮ್ನಾದೆ."

ಷಣ್ಮುಖಪ್ಪನವರು ಅಂಗಡಿಯ ಹಾಸಿನ ಮೇಲೆ ಕುಸಿದು ಕೂತು, ಗಿರಾಕಿಯ ಎದುರಿಗೇ ಅತ್ತರು. ನಾಚಿಕೆಗೋ, ಮನೋಹರನ ಮೇಲಿನ ಪ್ರೀತಿಗೋ, ತಾವೇ ತಮ್ಮನ್ನು ಸೋಲಿಸಿಕೊಂಡ ಸಂಕಟಕ್ಕೋ ಅವರಿಗೇ ತಿಳಿಯದು. ಮನೋಹರ ಬಂದು ಅವರ ಭುಜ ಹಿಡಿದುಕೊಂಡ. ಅವನ ಕಣ್ಣಲ್ಲೂ ನೀರು.

ವಿಮಲಾ ಇನ್ನೂ ಮೆಟ್ಟಿಲ ಮೇಲೆಯೇ ಇದ್ದರು.

"ಇವ್ರು ಸಿಟ್ಟು ಮಾಡ್ಕೊಂಡು ನನ್ನ ತವರು ಬಿಡಿಸಿದ್ರು" ಎಂದರು. "ನೀನು ನನಗೋಸ್ಕರ ಅಂತ ಬಾಯಿ ಮುಚ್ಕೊಂಡು ಬಿಡಿಸ್ದೆ. ನಿಮ್ಮಲ್ಲಿ ಒಬ್ರಾದ್ರೂ, ಒಂದ್ ದಿನ ಆದ್ರೂ, ನಿಂಗೇನು ಬೇಕು ವಿಮಲಾ ಅಂತ ನನ್ನ ಕೇಳಿದ್ರಾ?"

ಷಣ್ಮುಖಪ್ಪನವರು ಮನೋಹರನ ಮುಖ ನೋಡಿದರು. ಮನೋಹರ ಅವರ ಮುಖ ನೋಡಿದ.